ಏಳನೆಯ ಬೋರಿನ ಕಲ್ಲು

ವಸುಧಾ ಟೀಚರ್ ಹಳೆಯ ಸರ್ವೆ ವರದಿಯ ಜೆರಾಕ್ಸನ್ನು ಓದುತ್ತಾ ಹನ್ನೊಂದನೆಯ ಪುಟಕ್ಕೆ ಬಂದಾಗ ಮೂಸಬ್ಬ ಬಾಯಿಗೆ ಎತ್ತಿದ್ದ ಗ್ಲಾಸಿನ ಚಹಾ ಕುಡಿಯಲು ಮರೆತರು.

"ಏಳನೆಯ ಬೋರ್, ಕಜೆಪದವು. ನೂರ ಹನ್ನೆರಡು ಮೀಟರಿನಿಂದ ನೂರ ನಲವತ್ತಾರರವರೆಗೆ ತಾಮ್ರ. ಈ ಒಂದು ಸಾಲು ನೋಡಿಯೇ ಗಣಿ ಕಂಪೆನಿ ನಿಮ್ಮ ಗುಡ್ಡೆಗೆ ಬಂದದ್ದು ಮೂಸಬ್ಬಾಕ. ಉಳಿದ ಆರು ಬೋರಿನಲ್ಲಿ ಎಂತದೂ ಇಲ್ಲವಂತೆ."

ವೇಣೂರಿನಿಂದ ನಾಲ್ಕು ಮೈಲಿ ಒಳಗೆ, ಕಜೆಪದವಿನ ಬಸ್‌ಸ್ಟಾಪಿನಲ್ಲಿ ಮೂಸಬ್ಬರ ಜೀನಸಿನ ಅಂಗಡಿ. ಹಿಂದೆ ಏರುವ ಗುಡ್ಡೆಯಲ್ಲಿ ಇಪ್ಪತ್ತೆಂಟು ಮನೆ, ಒಂದು ಮದ್ರಸ, ಒಂದು ಖಬರಸ್ತಾನ. ಸೋಮವಾರ ಅಲ್ಲಿಗೆ ಕೊರೆಯುವ ಯಂತ್ರ ಬರುವುದಿತ್ತು.

"ಸಿಕ್ಕಿದರೆ ಒಂದು ಬಾವಿಯಷ್ಟು ತೋಡಿಕೊಂಡು ಹೋಗಲಿ ಟೀಚರ್," ಎಂದಳು ಮೂಸಬ್ಬರ ಮಗಳು ರಾಫಿಯಾ. "ಇಡೀ ಗುಡ್ಡೆ ಯಾಕೆ ಬೇಕು ಅವರಿಗೆ?"

"ಇದು ಪೋರ್ಫಿರಿ ತಾಮ್ರ ಮಾರಾಯ್ತಿ. ಒಂದು ಕಡೆ ಗಟ್ಟಿಯಾಗಿ ಇರುವುದಲ್ಲ. ಅಕ್ಕಿಹಿಟ್ಟಿಗೆ ಉಪ್ಪು ಕಲಸಿದ ಹಾಗೆ ಕಲ್ಲಿನ ತುಂಬಾ ಹರಡಿಕೊಂಡಿರ್ತದೆ. ಸಾವಿರ ಕೆಜಿ ಕಲ್ಲು ಪುಡಿ ಮಾಡಿದರೆ ಐದು ಕೆಜಿ ಬಂದೀತು. ಉಪ್ಪು ಬೇಕಾದವನು ಹಿಟ್ಟನ್ನೆಲ್ಲ ತೆಗೀಬೇಕು."

"ಖಬರಸ್ತಾನ?"

"ಅದೂ ಹಿಟ್ಟೇ."

ಮೂಸಬ್ಬ ಗ್ಲಾಸನ್ನು ಕೆಳಗಿಟ್ಟರು. ರಾಫಿಯಾ ಯಂತ್ರಕ್ಕೆ ಹೆದರಿದ್ದಳು, ಟೀಚರಿಗೆ ಸಿಟ್ಟು ಬಂದಿತ್ತು. ಮೂಸಬ್ಬರ ಹೆದರಿಕೆ ಬೇರೆಯದೇ ಆಗಿತ್ತು. ಆ ಪುಟದಲ್ಲಿ ಬರೆದದ್ದು ಸುಳ್ಳು. ಅದು ಸುಳ್ಳೆಂದು ತಿಳಿದವರಲ್ಲಿ ಬದುಕಿ ಉಳಿದವರು ಅವರೊಬ್ಬರೇ.

ಎಂಬತ್ತನಾಲ್ಕರಲ್ಲಿ ಅವರಿಗೆ ಹತ್ತೊಂಬತ್ತು ವರ್ಷ. ಸರ್ವೆ ಕ್ಯಾಂಪಿನಲ್ಲಿ ಕಲ್ಲು ಹೊರುವ ಕೆಲಸ. ಯಂತ್ರದ ಟೊಳ್ಳು ಕೊಳವೆಯೊಳಗೆ ಬಂಡೆಯೇ ಕೋಲುಕೋಲಾಗಿ ಮೇಲೆ ಬರುತ್ತಿತ್ತು. ಬಂದ ಕೋಲುಗಳನ್ನು ಆಳದ ಕ್ರಮ ತಪ್ಪದಂತೆ ಮರದ ಪೆಟ್ಟಿಗೆಯ ಓಣಿಗಳಲ್ಲಿ ಜೋಡಿಸಬೇಕು. ಆ ಕ್ರಮ ಹೋದರೆ ಅವು ಬರೀ ರಸ್ತೆಗೆ ಹಾಕುವ ಕಲ್ಲು. ಏಳನೆಯ ಬೋರಿನಲ್ಲಿ ಬಂದದ್ದು ಕರಿಕಲ್ಲು ಮಾತ್ರ. ಕೊಬ್ಬರಿ ಚೂರಿನಂಥ ಬಿಳಿ ಹರಳುಗಳ ನಡುವೆ ಹಳದಿ ಚುಕ್ಕೆ ಮಿನುಗುವ ಕಲ್ಲು ಬಂದದ್ದು ನಾಲ್ಕನೆಯದರಲ್ಲಿ. ನಾಲ್ಕನೆಯದು ತೋಡಿನ ಆಚೆ, ಆ ಸಣ್ಣ ಹಳ್ಳ ದಾಟಿ, ಬಡೆಕೋಡಿಯಲ್ಲಿ.

ಕ್ಯಾಂಪು ಮುಚ್ಚುವ ದಿನ ಮೂಡುಬಿದಿರೆಯ ಗೋದಾಮಿಗೆ ಹೊರಟ ಲಾರಿಯ ಹಿಂಬಾಗಿಲು ಏರಿನಲ್ಲಿ ತೆರೆದುಕೊಂಡಿತು. ನಾಲ್ಕು ಮತ್ತು ಏಳನೆಯ ಬೋರುಗಳ ಪೆಟ್ಟಿಗೆಗಳು ಉರುಳಿ ಒಡೆದವು. ಕಲ್ಲು ಪರೀಕ್ಷಿಸುವ ಸಾಹೇಬರು ರಜೆಯಲ್ಲಿದ್ದರು. ಫೋರ್‌ಮನ್ ಬೆವರು ಒರೆಸಿಕೊಂಡು, "ಮಿನುಗುವುದನ್ನು ಒಂದರಲ್ಲಿ ತುಂಬಿಸಿ, ಕರಿಯದನ್ನು ಇನ್ನೊಂದರಲ್ಲಿ. ಕಲ್ಲಿಗೆಂತ ಜಾತಕ ಉಂಟಾ?" ಎಂದ. ಐದನೆಯ ಕ್ಲಾಸು ಪಾಸಾಗಿದ್ದ ಮೂಸಬ್ಬನ ಕೈಗೆ ಬ್ರಷ್ಷು ಕೊಟ್ಟ. ಮೂಸಬ್ಬ ಮಿನುಗುವ ಪೆಟ್ಟಿಗೆಗಳ ಮೇಲೆ ಏಳು ಎಂದು ಬರೆದ. ಯಾಕೆ ಏಳು? ಆ ವಾರವೆಲ್ಲ ಏಳರಲ್ಲೇ ದುಡಿದಿದ್ದ, ಕೈಗೆ ಅದೇ ಬಂತು. ರಜೆ ಮುಗಿಸಿ ಬಂದ ಸಾಹೇಬರು ಆ ನಂಬ್ರ ನಂಬಿ ವರದಿ ಬರೆದರು. ಅಷ್ಟೇ. ಇಪ್ಪತ್ತೆಂಟು ಮನೆಗಳ ಹಣೆಬರಹ ಬರೆಯಲು ಅಷ್ಟು ಸಾಕಾಯಿತು.

ಮರುದಿನ ಮೂಸಬ್ಬ ತೋಡು ದಾಟಿ ಬಡೆಕೋಡಿಗೆ ಹೋದರು. ಅಲ್ಲಿ ನಲವತ್ತೊಂದು ಮನೆ. ಮೊದಲನೆಯದೇ ವಸುಧಾ ಟೀಚರದ್ದು. ಜಗಲಿಯಲ್ಲಿ ಕೂತು, ತಲೆ ಎತ್ತದೆ, ಎಲ್ಲವನ್ನೂ ಹೇಳಿದರು.

ನಾಲ್ಕು ತಿಂಗಳಿನಿಂದ ಕಜೆಪದವಿನವರ ಪರವಾಗಿ ಊರಿನವರ ಸಹಿಯ ಅರ್ಜಿ ಹಿಡಿದು ಬೆಳ್ತಂಗಡಿಯ ತಾಲೂಕಾಫೀಸಿಗೂ ಬಂಟ್ವಾಳಕ್ಕೂ ಅಲೆದವರು ಟೀಚರ್. ಅವರು ಕೇಳಿದ್ದು ಒಂದೇ:

"ನಾಲ್ಕನೆಯ ಬೋರ್ ಸರೀ ಎಲ್ಲಿ ಹಾಕಿದ್ದು?"

ಮೂಸಬ್ಬ ಅಂಗಳದಾಚೆಗಿನ ಕೊಟ್ಟಿಗೆಯ ಕಡೆ ನೋಡಿದರು. ಟೀಚರ್ ಕೂಡ ನೋಡಿದರು.

"ನೀವು ಹೇಳಿದರೆ ನಿಮ್ಮ ಗುಡ್ಡೆ ಉಳೀತದೆ," ಎಂದರು. ಸ್ವರ ಸಣ್ಣದಾಗಿತ್ತು.

"ಅದಕ್ಕೇ ಮೊದಲು ನಿಮ್ಮ ಹತ್ತಿರ ಬಂದದ್ದು ಟೀಚರ್. ಹೇಳದಿದ್ದರೆ ಎರಡೂ ಉಳಿಯಬಹುದು. ಅವರು ನಮ್ಮಲ್ಲಿ ಕೊರೀತಾರೆ, ಸಿಕ್ಕುವುದಿಲ್ಲ, ಹೋಗ್ತಾರೆ."

"ಸಿಕ್ಕಿದರೆ? ನಲವತ್ತು ವರ್ಷ ಆಯ್ತಲ್ಲ. ನಿಮ್ಮ ನೆನಪೇ ತಪ್ಪಾಗಿದ್ದರೆ?"

ಆ ಪ್ರಶ್ನೆಯನ್ನು ಮೂಸಬ್ಬ ತಲೆಯಲ್ಲಿ ಹೊತ್ತುಕೊಂಡೇ ಮನೆಗೆ ಬಂದರು. ಇಳಿಸಲು ಜಾಗ ಸಿಗಲಿಲ್ಲ.

ಸೋಮವಾರ ಯಂತ್ರ ಮದ್ರಸದ ಹಿಂದೆ ನಿಂತಿತು. ಅಂಗಡಿಯ ಬಾಟಲಿಗಳು ಕಪಾಟಿನಲ್ಲಿ ಸಣ್ಣಗೆ ನಡುಗಿದವು, ಬಾವಿಗಳ ನೀರು ಕೆಸರಾಯಿತು. ಮೂಸಬ್ಬ ದಿನಾ ಮೇಲೆ ಹೋಗಿ ಬೇಲಿಯ ಹೊರಗೆ ನಿಲ್ಲುತ್ತಿದ್ದರು. ಪೆಟ್ಟಿಗೆಯಲ್ಲಿ ಆಳ ಬರೆದಿಟ್ಟ ಮರದ ತುಂಡುಗಳನ್ನು ದೂರದಿಂದಲೇ ಓದುತ್ತಿದ್ದರು. ನಲವತ್ತು. ಎಪ್ಪತ್ತೆರಡು. ತೊಂಬತ್ತೊಂಬತ್ತು. ಆ ದಿನ ಊಟಕ್ಕೂ ಇಳಿದು ಬರಲಿಲ್ಲ. "ಬಾಪ, ನೀವೆಂತ ಅದಕ್ಕೆ ಹೆರಿಗೆ ಮಾಡಿಸ್ಲಿಕ್ಕೆ ಹೋಗುವುದಾ?" ಎಂದು ರಾಫಿಯಾ ಗದರಿದಳು. ನೂರ ಹನ್ನೆರಡರ ಕೋಲು ಮೇಲೆ ಬಂದಾಗ ಅದರ ಮೇಲೆ ಕೆಸರು ಮೆತ್ತಿತ್ತು. ಕೆಲಸದವನು ನೀರು ಸುರಿದ. ಮೂಸಬ್ಬ ಬೇಲಿಯ ಮೇಲಿಂದ ಬಗ್ಗಿ ನೋಡಿದರು.

ಕರಿಕಲ್ಲು.

ನೂರ ಐವತ್ತರವರೆಗೂ ಕರಿಕಲ್ಲೇ. ಕಂಪೆನಿಯ ಭೂವಿಜ್ಞಾನಿ ಕೃಷ್ಣಪ್ರಸಾದ್ ಯಂತ್ರ ನಿಲ್ಲಿಸಿ, ಹಳೆಯ ವರದಿಯನ್ನು ತೊಡೆಯ ಮೇಲಿಟ್ಟುಕೊಂಡು ಪೆಟ್ಟಿಗೆಗಳ ನಡುವೆ ಕುಳಿತ. ಒಳ್ಳೆಯ ಹುಡುಗ, ಕೆಲಸ ಬಲ್ಲವನು, ಹೆದರಬೇಕಾದದ್ದು ಅದಕ್ಕೇ.

"ಇದು ಆ ಕಲ್ಲೇ ಅಲ್ಲ," ಎಂದ. "ಆಗಿನ ಕ್ಯಾಂಪಿನವರು ಯಾರಾದರೂ ಊರಿನಲ್ಲಿ ಇದ್ದಾರಾ?"

ಯಂತ್ರದಲ್ಲಿ ಕೂಲಿಗಿದ್ದ ಪಕ್ಕದ ಮನೆಯ ಅಸ್ಕರ್ ಹೆಮ್ಮೆಯಿಂದ ಬೇಲಿಯತ್ತ ಕೈ ತೋರಿಸಿದ. "ನಮ್ಮ ಮೂಸಬ್ಬಾಕ ಇದ್ದಾರಲ್ಲ ಸಾರ್. ದೊಡ್ಡ ಜನ ಅವರು."

ಕೃಷ್ಣಪ್ರಸಾದ್ ಕುರ್ಚಿ ಹಾಕಿಸಿದ. ಸುದ್ದಿ ಕೇಳಿ ವಸುಧಾ ಟೀಚರ್ ತೋಡು ದಾಟಿ ಬಂದು ಹಿಂದೆ ನಿಂತರು.

"ಪೆಟ್ಟಿಗೆಗಳು ಅದಲುಬದಲು ಆಗಿರಬಹುದಾ?"

"ಗೊತ್ತಿಲ್ಲ ಸಾರ್. ನಾನು ಹೊತ್ತವ."

"ನಂಬ್ರ ಬರೆದದ್ದು ಯಾರು?"

ಮೂಸಬ್ಬರಿಗೆ ಬೆನ್ನ ಹಿಂದೆ ಟೀಚರ ಉಸಿರು ಕೇಳಿಸುತ್ತಿತ್ತು. ಒಂದು ಮಾತು, ನಾಲ್ಕು ಎಂಬ ಒಂದೇ ಮಾತು ಬಾಯಿಂದ ಬಿದ್ದರೆ ಯಂತ್ರ ನಾಳೆಯೇ ತೋಡು ದಾಟುತ್ತದೆ.

"ಯಾರೋ ಬರೆದಿರಬೇಕು. ನನಗೆ ಅಕ್ಷರ ಬರುವುದಿಲ್ಲ."

"ಅಂಗಡಿ ಉಂಟಂತೆ ನಿಮ್ಮದು?"

"ಅದನ್ನು ಮಗಳು ನೋಡಿಕೊಳ್ತಾಳೆ."

ಅಸ್ಕರ್ ಬಾಯಿ ತೆರೆದವನು ಟೀಚರ ಮುಖ ನೋಡಿ ಮುಚ್ಚಿದ. ಕೃಷ್ಣಪ್ರಸಾದ್ ಹೇಳಿಕೆಯನ್ನು ಬರೆದುಕೊಂಡ. ಹಳೆಯ ವರದಿ ನಂಬುವ ಹಾಗಿಲ್ಲ, ಇನ್ನು ಇಲ್ಲಿ ಕೊರೆಯುವುದು ವ್ಯರ್ಥ ಎಂದು ಮೇಲಿನವರಿಗೆ ಬರೆಯುತ್ತೇನೆ, ಅವರು ಒಪ್ಪಿದರೆ ಹೋಗುತ್ತೇವೆ ಎಂದ. ಕಾಗದದ ಜೊತೆ ಪೆನ್ನನ್ನೂ ಚಾಚಿದ. ಮೂಸಬ್ಬ ಪೆನ್ನನ್ನು ಮುಟ್ಟಲಿಲ್ಲ. ಹೆಬ್ಬೆರಳನ್ನು ಎತ್ತಿ ತೋರಿಸಿದರು. ಕಂಪೆನಿಯ ಗುಮಾಸ್ತ ಇಂಕ್ ಪ್ಯಾಡು ಹುಡುಕಿ ತಂದ. ಅವರು ಎಡಗೈ ಹೆಬ್ಬೆಟ್ಟನ್ನು ಒತ್ತಿದರು.

ಇಬ್ಬರೂ ಒಟ್ಟಿಗೆ ಗುಡ್ಡೆ ಇಳಿದರು. ಮದ್ರಸ ದಾಟಿದ ಮೇಲೆ ಟೀಚರ್ ನಿಂತರು.

"ಮೂಸಬ್ಬಾಕ, ತಾಲೂಕಾಫೀಸಿಗೆ ನಾವು ಕೊಟ್ಟ ಅರ್ಜಿ. ಅದರಲ್ಲಿ ಮೊದಲ ಸಹಿ ನಿಮ್ಮದೇ."

"ಹೆಬ್ಬೆಟ್ಟು ಒತ್ತಿದ ಮೇಲೆ ನೆನಪಾಯಿತು ಟೀಚರ್."

"ಪೂರ್ತಿ ಹೆಸರು, ಊರು, ತಾರೀಕು. ಕಂಪೆನಿಯವರು ಅಲ್ಲಿಗೆ ದಿನಾ ಹೋಗ್ತಾರೆ."

ಮೂಸಬ್ಬ ನೀಲಿಯಾದ ಬೆರಳನ್ನು ಲುಂಗಿಗೆ ಉಜ್ಜಿದರು. ಅದು ಹೋಗಲಿಲ್ಲ.

"ಹತ್ತು ಸಲ ಹೋಗಿ ಕೇಳಿದ್ದೇವೆ," ಎಂದರು. "ಆ ಅರ್ಜಿಯನ್ನು ಈವರೆಗೆ ಒಬ್ಬರಾದರೂ ಬಿಡಿಸಿ ಓದಿದ್ದಾರಾ?"

"ಇಲ್ಲ."

"ಇನ್ನು ಕೇಳಲಿಕ್ಕೆ ಹೋಗುವುದು ಬೇಡ. ಅದು ಅಲ್ಲೇ ಧೂಳು ಹಿಡಿಯಲಿ."

ಮೇಲೆ ಯಂತ್ರ ಇನ್ನೂ ನಿಂತೇ ಇತ್ತು. ಅದನ್ನು ಬಿಚ್ಚುವ ಸದ್ದಿಗಾಗಿ ಇಬ್ಬರೂ ಕಿವಿಗೊಟ್ಟರು.