ಉರಿಯದ ಔಷಧ

ನಮ್ಮನೆಯವರು ಮೆಣಸಿನಕಾಯಿ ಖರೀದಿ ಮಾಡುವವರು. ಬ್ಯಾಡಗಿ ಮಾರುಕಟ್ಟೆಯಲ್ಲಿ ಸೋಮಣ್ಣ ಬಂದರೆಂದರೆ ದಲಾಲರು ತಾವಾಗಿಯೇ ಚೀಲದ ಬಾಯಿ ಬಿಚ್ಚುತ್ತಾರೆ. ಕಾಯಿಯನ್ನು ಮುರಿದು, ಬೆಳಕಿಗೆ ಹಿಡಿದು ಬಣ್ಣ ನೋಡಿದರೆ ಸಾಕು, ರೇಟು ಹೇಳಿಬಿಡುತ್ತಾರೆ. ನೋಡುವ ಕಣ್ಣು ಮಾತ್ರ ಒಂದೇ. ಎಡಗಣ್ಣು ಚಿಕ್ಕಂದಿನಲ್ಲೇ ಜಾಲಿಮುಳ್ಳು ತಾಗಿ ಹೋಗಿದೆ. ಉಳಿದ ಬಲಗಣ್ಣಿಗೆ ಪೊರೆ ಬಂತೆಂದು ಮೊನ್ನೆ ಹಾವೇರಿಯಲ್ಲಿ ಆಪರೇಷನ್ ಮಾಡಿಸಿದೆವು.

ಡಾಕ್ಟರ್ ನಸ್ರೀನ್ ಎರಡು ಬಾಟಲಿ ಕೊಟ್ಟರು. ನೀರಿನಂಥದ್ದು ಕೀವಾಗದಿರಲಿ ಎಂದು, ಹಾಲಿನಂಥದ್ದು ಒಳಗಿನ ಬಾವು ಇಳಿಯಲೆಂದು. “ಬಿಳೇದನ್ನ ಚಲೋತ್ನಂಗ ಅಲುಗಾಡಿಸಿ ಹಾಕ್ರಿ. ನಾ ಹೇಳೂತನಕ ಬಿಡಬ್ಯಾಡ್ರಿ,” ಎಂದು ನನಗೇ ಹೇಳಿದರು. ಗಂಡಸರಿಗೆ ಹೇಳಿ ಉಪಯೋಗವಿಲ್ಲ ಎಂಬುದನ್ನೂ ಡಾಕ್ಟರ್ ಓದಿನಲ್ಲಿ ಕಲಿಸುತ್ತಾರೋ ಏನೋ.

ನೀರಿನಂಥದ್ದು ಹಾಕಿದರೆ ಕಣ್ಣು ಚುರ್ರೆನ್ನುತ್ತಿತ್ತು. “ಹಾಂ, ಇದು ಔಷಧ!” ಎಂದು ಇವರು ಹಲ್ಲು ಕಚ್ಚುತ್ತಿದ್ದರು. ಬಿಳಿಯದು ಮಾತ್ರ ಸುಮ್ಮನೆ ಇಳಿಯುತ್ತಿತ್ತು. ಮೂರನೇ ದಿನಕ್ಕೆ ತಕರಾರು ಶುರುವಾಯಿತು.

“ಇದರಾಗ ಖಾರನ ಇಲ್ಲ. ಬಿಡು ಇದನ್ನ.”

“ಬ್ಯಾಡಗಿ ಕಾಯಿಗೂ ಖಾರ ಇಲ್ಲ. ಹಂಗಂತ ತಿಪ್ಪಿಗೆ ಒಗೀತೀರೇನು?”

“ಅದಕ್ಕ ಬಣ್ಣ ಐತಿ. ಇದಕ್ಕ ಏನೈತಿ? ಸುಣ್ಣದ ನೀರು!”

ಆ ಬಿಳಿ ಬಾಟಲಿ ಹಿಡಿದು ಹೋದರೆ ಕಣ್ಣು ಬಿಗಿಯಾಗಿ ಮುಚ್ಚುತ್ತಿದ್ದರು. ಬಾಯಿ ಮಾತ್ರ ತೆರೆದೇ ಇರುತ್ತಿತ್ತು.

ಎರಡು ದಿನದಲ್ಲಿ ಕಣ್ಣು ಕೆಂಪಾಯಿತು. ನಮ್ಮೂರಲ್ಲಿ ಕೆಂಪು ಕಣ್ಣಿಗೆ ಯಾರೂ ಹೆದರುವುದಿಲ್ಲ. ಮೆಣಸಿನ ಸುಗ್ಗಿ ಬಂದರೆ ಊರಿಗೆ ಊರೇ ಕಣ್ಣುಜ್ಜಿಕೊಂಡು ತಿರುಗುತ್ತದೆ. “ಘಾಟು ಬಡದೈತಿ, ಅಷ್ಟ,” ಎಂದರು ಇವರು. ಸಂಜೆ ಚಹಾ ಕೊಟ್ಟರೆ ಕಪ್ಪನ್ನು ಬಿಟ್ಟು ಬರೀ ಗಾಳಿಗೆ ಕೈ ಚಾಚಿದರು. ಇದೊಂದು ಕಣ್ಣೂ ಹೋದರೆ ಈ ಮನುಷ್ಯನಿಗೆ ಹಗಲೇ ಇಲ್ಲ.

ಹಿತ್ತಲಿಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿದೆ. “ಒಳಗ ಬಾವು ಏರಿರಬೇಕ್ರಿ. ಈಗಿಂದ ತಾಸಿಗೊಮ್ಮೆ ಬಿಳಿ ಔಷಧ ಹಾಕ್ರಿ. ಮುಂಜಾನೆ ಲಗೂ ಕರಕೊಂಡು ಬರ್ರಿ. ಇಲ್ಲಂದ್ರ ಕಣ್ಣು ಉಳಿಯೂದಿಲ್ಲ,” ಎಂದರು.

ಅತ್ತರೆ ಕೇಳುವ ಗಂಡನಲ್ಲ. ಮುಖ ಒರೆಸಿಕೊಂಡು ಒಳಗೆ ಬಂದೆ.

“ಡಾಕ್ಟರಿಗೆ ಫೋನ್ ಮಾಡಿದ್ದೆ. ತಪ್ಪು ನಮ್ಮದೇ ಅಂತ್ರಿ. ಸರಿ ಅಲುಗಾಡಿಸಿಲ್ಲ. ಖಾರ ಎಲ್ಲಾ ತಳದಾಗ ಕುಂತೈತಂತ.”

ವ್ಯಾಪಾರಿಗೆ ಇದು ಒಪ್ಪಿಗೆಯಾಯಿತು. “ನಾ ಅಂದಿರಲಿಲ್ಲೇನು!” ಎಂದು ಮಲಗಿ ಕಣ್ಣು ಬಿಟ್ಟರು. ಹನಿ ಹಾಕಿ ಬಾಟಲಿ ಮುಚ್ಚಿದೆ. ಸೆರಗಿನಿಂದ ಒರೆಸುವವಳಂತೆ ಅವರ ಕಿವಿಯ ಹಿಂದೆ ತಲೆನೋವಿನ ಮುಲಾಮು ತಿಕ್ಕಿ, ಹೋಗಿ ಸೋಪಿನಿಂದ ಕೈ ತೊಳೆದೆ. ವಾಸನೆಯ ಹೆದರಿಕೆ ಇರಲಿಲ್ಲ. ಮೆಣಸಿನ ಘಾಟಿಗೆ ಆ ಮೂಗು ಎಂದೋ ಸತ್ತಿದೆ.

“ಹತ್ತಿತು ನೋಡು! ಆದ್ರ ಉರಿ ಕಿವಿ ಹಿಂದ ಬಂತಲ್ಲ?”

“ಕಣ್ಣಿನ ನರ ಅಲ್ಲೇ ಹಾಯತೈತಂತ್ರಿ.”

ಆಮೇಲೆ ತಾಸಿಗೊಮ್ಮೆ ತಾವೇ ಕೂಗಿ ಕರೆದರು. ಮುಂಜಾನೆ ಡಾಕ್ಟರ್ ನೋಡಿ, ಇಬ್ಬರಿಗೂ ಸೇರಿಸಿ ಬೈದು, ಅದನ್ನೇ ಹಾಕುತ್ತಿರಿ ಎಂದರು. ಮುಂದಿನ ವಾರ ಮತ್ತೆ ಪರೀಕ್ಷೆ ಮಾಡಿ, “ಬಾವು ಇಳಿದೈತಿ. ಕಣ್ಣು ಉಳೀತು,” ಎಂದರು. ನನಗೆ ಅಲ್ಲೇ ಕೈ ಮುಗಿಯಬೇಕೆನಿಸಿತು. ಇವರು ಸುಮ್ಮನಿರಬೇಕಲ್ಲ?

“ಖರೇ ಹೇಳ್ತೇನ್ರಿ ಮೇಡಂ, ಭಾರಿ ಖಾರ ಐತ್ರಿ ನಿಮ್ಮ ಬಿಳಿ ಔಷಧ.”

“ಖಾರ? ಅದು ಉರಿಯೂದ ಇಲ್ಲಲ್ರಿ!”

ಉಳಿದ ಆ ಕಣ್ಣು ನಿಧಾನವಾಗಿ ನನ್ನ ಕಡೆ ತಿರುಗಿತು. ಮೋಸಕ್ಕೆ ಬಣ್ಣ ಹಚ್ಚಿದ ಕಾಯಿಯನ್ನು ನೋಡುವಂತೆ ನೋಡಿದರು.

ವಾಪಸು ಬರುವ ಬಸ್ಸು ಮೋಟೆಬೆನ್ನೂರು ದಾಟಿತು. ಆಮೇಲೆ, “ಇಷ್ಟು ವರ್ಷದಾಗ ಒಬ್ಬ ದಲಾಲನೂ ನನಗ ಮೋಸ ಮಾಡಾಕ ಆಗಿಲ್ಲ,” ಎಂದರು.

“ನಿಮ್ಮ ಕಣ್ಣು ಹ್ವಾದ್ರ ಅವ್ರಿಗೆ ಲಾಭ ಇತ್ತು. ನನಗ ಆ ಕಣ್ಣು ಬೇಕಾಗಿತ್ತು.”

ಮನೆಗೆ ಬಂದು ಮಲಗಿದರು, ತಾವೇ ರೆಪ್ಪೆ ಅಗಲಿಸಿದರು. ಬರೀ ಹನಿ ಹಾಕಿದೆ. ಉರಿಯುವಂಥದ್ದು ಏನೂ ಇರಲಿಲ್ಲ. ಆದರೂ ಕಣ್ಣು ತುಂಬಿ ಕೆನ್ನೆಯ ಮೇಲೆ ಹರಿಯಿತು.

“ಅಳಬ್ಯಾಡ್ರಿ, ಔಷಧ ಎಲ್ಲಾ ಹೊರಗ ಹೊಂಟೈತಿ,” ಎಂದು ಗದರಿ, ಇನ್ನೊಂದು ಹನಿ ಹಾಕಿದೆ.