ಅಂಗಡಿ ನಡೆಸಿದವರು

ಬಚ್ಚಲುಮನೆಯ ಬಾಗಿಲಿಗೆ ಕಿವಿಯಿಟ್ಟವಳಿಗೆ ಮೊದಲು ಕೇಳಿಸಿದ್ದು ನಲ್ಲಿಯ ಸದ್ದು. ಅದರ ನಡುವೆ ಗಂಡನ ದನಿ, ಮನೆಯಲ್ಲಿ ಅವನು ಎಂದೂ ಬಳಸದ ನಯವಾದ ದನಿ: "ಆ ಸಂಜೆ ಅವಳ ಮುಖ ನೋಡೋಕೆ ನನಗಾಗಲಿಲ್ಲ. ಆದ್ರೂ ಇನ್ನು ಮುಂದುವರಿಸೋದು ಬೇಡ ಅಂತ ನಾನೇ ತೀರ್ಮಾನ ಮಾಡಿದೆ." ಸ್ವಲ್ಪ ತಡೆದು ಅದನ್ನೇ ಮತ್ತೊಮ್ಮೆ ಹೇಳಿದ, ಈ ಸಲ 'ಅವಳ' ಅನ್ನುವಲ್ಲಿ ಇನ್ನಷ್ಟು ಮರುಕ ಬೆರೆಸಿ.

ಯಾರಿವಳು? ಮುಂದುವರಿಸುವುದು ಬೇಡವೆನ್ನಬೇಕಾದರೆ ಏನೋ ಒಂದು ಶುರುವಾಗಿರಲೇಬೇಕಲ್ಲ.

ಅನುಮಾನ ಮೊಳೆತದ್ದು ಒಂದು ಅಂಗಿಯಿಂದ. ಬಣ್ಣಗೆಟ್ಟ ಟೀ ಶರ್ಟಿನಲ್ಲೇ ಅರ್ಧ ಆಯಸ್ಸು ಕಳೆದ ಮನುಷ್ಯ ಇದ್ದಕ್ಕಿದ್ದಂತೆ ಇಸ್ತ್ರಿಯವನ ಜೊತೆ ಕಾಲರಿನ ವಿಷಯಕ್ಕೆ ಜಗಳ ಕಾದಿದ್ದ. ಆಮೇಲೆ, ಅವಳು ಕೋಣೆಗೆ ಕಾಲಿಟ್ಟರೆ ಸಾಕು, ಲ್ಯಾಪ್‌ಟಾಪ್ ಪಟ್ಟನೆ ಮುಚ್ಚುತ್ತಿತ್ತು. ಕಂಪನಿಯ ಸರ್ವರ್‌ಗಳು ಕೆಟ್ಟು ನಿಲ್ಲದ ಹಾಗೆ ಕಾಯುವುದು ಅವನ ಉದ್ಯೋಗ. ಯಾವುದನ್ನೂ ಪರೀಕ್ಷೆ ಮಾಡದೆ ನಂಬಬಾರದೆಂದು ಮನೆಮಂದಿಗೆಲ್ಲ ಪಾಠ ಹೇಳುತ್ತಿದ್ದವನೂ ಅವನೇ. ಆ ಪಾಠ ಈಗ ಅವಳಿಗೆ ಚೆನ್ನಾಗಿಯೇ ಹತ್ತಿತ್ತು.

ಅತ್ತೆಯ ಬಳಿ ಹೇಳಿಕೊಂಡಾಗ ಅವರು ತಲೆಯಾಡಿಸಿದ್ದರು. "ಹೆಂಗಸಿನ ವಿಷಯ ಇರಲಿಕ್ಕಿಲ್ಲ ಬಿಡಮ್ಮ. ಅಷ್ಟೆಲ್ಲ ಮಾತು ಅವನಿಗೆಲ್ಲಿ ಬರುತ್ತೆ? ಕೆಲಸ ಕಳಕೊಂಡಿರಬೇಕು."

"ಕೆಲಸ ಕಳಕೊಂಡವರು ಕಾಲರಿಗೋಸ್ಕರ ಜಗಳ ಆಡ್ತಾರಾ ಅತ್ತೆ?"

"ಹಾಗಾದ್ರೆ ಹೆಂಗಸೇ," ಎಂದು ಅತ್ತೆ ಅಲ್ಲಿಯೇ ಮಗನನ್ನು ಕೈಬಿಟ್ಟಿದ್ದರು.

ನಲ್ಲಿ ನಿಂತಿತು. ಅವಳು ಬೆಕ್ಕಿನ ಹೆಜ್ಜೆಯಲ್ಲಿ ಹಿಂದಿನ ಕೋಣೆಗೆ ಬಂದು ಗಾಜು ಕೊಯ್ಯಲು ಕೂತಳು. ಮುಖ್ಯ ರಸ್ತೆಯಲ್ಲಿ ಫೋಟೋಗಳಿಗೆ ಫ್ರೇಮು ಹಾಕುವ ಅಂಗಡಿ ನಡೆಸಿದ್ದವಳು ಅವಳು. ಅದನ್ನು ಮುಚ್ಚಿದ ಮೇಲೂ ಹಳೇ ಗಿರಾಕಿಗಳು ಬಿಟ್ಟಿರಲಿಲ್ಲ. ಅಂಗಡಿಯ ಫೋನು, ನಂಬರು ಎರಡನ್ನೂ ಹಾಗೇ ಉಳಿಸಿಕೊಂಡು ಮನೆಯಲ್ಲೇ ಅಷ್ಟಿಷ್ಟು ಕೆಲಸ ಮಾಡಿಕೊಡುತ್ತಿದ್ದಳು. ಗೆರೆ ಎಳೆಯಲು ಸ್ಕೇಲು ಇಡುವಷ್ಟರಲ್ಲಿ ಫೋನು ಬಡಿದುಕೊಂಡಿತು.

"ಫ್ರೇಮಿನ ಅಂಗಡೀನಾ?" ಹೆಂಗಸಿನ ದನಿ.

"ಹೌದು. ಯಾವ ಅಳತೆ ಬೇಕಿತ್ತು?"

"ಅಳತೆ ಅಲ್ಲ ಮೇಡಂ. ಬಿಸಿನೆಸ್ ಸ್ಕೂಲಿನ ಅಡ್ಮಿಷನ್ ವಿಭಾಗದಿಂದ ಮಾತಾಡ್ತಿದ್ದೀನಿ. ಅರ್ಜಿಯಲ್ಲಿ ಬರೆದದ್ದನ್ನ ನಾವು ಒಮ್ಮೆ ವಿಚಾರಿಸ್ತೀವಿ." ಆಕೆ ಹೇಳಿದ್ದು ಗಂಡನ ಹೆಸರು.

ಹೆಂಗಸಲ್ಲ, ಓದು! ಅವಳಿಗೆ ನಗು ಬಂತು. ಈ ವಯಸ್ಸಿನಲ್ಲಿ ಬ್ಯಾಗು ಹೊತ್ತು ಕ್ಲಾಸಿಗೆ ಹೋಗುವ ಗಂಡನನ್ನು ನೆನೆದು ಪ್ರೀತಿಯೂ ಉಕ್ಕಿತು.

"ಆಫೀಸಿನ ಜೊತೆಗೇ ಈ ಅಂಗಡಿ ಕಟ್ಟಿ ನಡೆಸಿದ್ರು, ಕೊನೆಗೆ ತಾವೇ ತೀರ್ಮಾನ ಮಾಡಿ ಮುಚ್ಚಿದ್ರು ಅಂತ ಬರೆದಿದ್ದಾರೆ," ಎಂದಳು ಆಕೆ. "ಕೈಕೆಳಗಿದ್ದ ಒಬ್ಬ ಕೆಲಸಗಾರ್ತಿಗೆ ಆ ಸುದ್ದಿ ಹೇಳಿದ್ದೇ ಅವರು ಕಲಿತ ದೊಡ್ಡ ಪಾಠವಂತೆ. ಮಾತಾಡ್ತಿರೋದು ಆ ಕೆಲಸಗಾರ್ತೀನೇನಾ?"

ಸಂದರ್ಶನಕ್ಕೆಂದು ಬಚ್ಚಲುಮನೆಯಲ್ಲಿ ಅವನು ಉರು ಹೊಡೆಯುತ್ತಿದ್ದ ಆ 'ಅವಳು' ಯಾರೆಂದು ಆಗ ಗೊತ್ತಾಯಿತು. ಇನ್ನೊಬ್ಬ ಹೆಂಗಸೇ ಆಗಿದ್ದರೂ ಇಷ್ಟು ಉರಿಯುತ್ತಿರಲಿಲ್ಲವೇನೋ.

ಬಾಗಿಲಲ್ಲಿ ಗಂಡ ನಿಂತಿದ್ದ, ಹೆಗಲ ಮೇಲೆ ಟವೆಲು. ಫೋನಿನಿಂದ ಆಚೆಗೂ ಕೇಳಿಸುತ್ತಿದ್ದ ಆ ದನಿಗೆ ಅವನ ಮುಖ ಬಿಳಿಚಿಕೊಂಡಿತ್ತು. ವಿಚಾರಿಸಲು ಒಂದು ನಂಬರು ಕೊಡಲೇಬೇಕಿತ್ತು. ಅಂಗಡಿಯ ಹಳೇ ಬೋರ್ಡಿನ ಫೋಟೋ ನೋಡಿ ಬರೆದುಕೊಟ್ಟಿದ್ದ. ಅಂಗಡಿಯ ಜೊತೆ ನಂಬರೂ ಸತ್ತಿದೆ, ಯಾರೂ ಎತ್ತುವುದಿಲ್ಲವೆಂಬ ಲೆಕ್ಕ. ಒಮ್ಮೆ ಒತ್ತಿ ನೋಡಿದ್ದರೆ ಪಕ್ಕದ ಕೋಣೆಯಲ್ಲೇ ಬಡಿದುಕೊಳ್ಳುತ್ತಿತ್ತು.

ಅವಳು ಫೋನನ್ನು ಅಂಗೈಯಿಂದ ಮುಚ್ಚಿದಳು. "ಏನ್ರೀ ಇದು?"

"ಹೂಂ ಅನ್ನು ಕಣೇ, ಒಂದು ಹೂಂ ಸಾಕು," ಅವನು ಪಿಸುಗುಟ್ಟಿದ. "ಅರ್ಜೀಲಿ ನೀನೇನು ಕಟ್ಟಿದ್ದೀಯ ಅಂತ ಕೇಳ್ತಾರೆ. ನಾನೇನು ಬರೀಲಿ? ನನ್ನ ಕೆಲಸ ಚೆನ್ನಾಗಾಯ್ತು ಅಂದ್ರೆ ಆ ದಿನ ಏನೂ ಆಗಲಿಲ್ಲ ಅಂತ ಅರ್ಥ. ಅಷ್ಟು ವರ್ಷ ಏನೂ ಆಗಲಿಲ್ಲ ಅಂತ ಬರೀಲಾ? ಇನ್ನು ಸ್ವಲ್ಪ ದಿನಕ್ಕೆ ಆ ಸರ್ವರ್‌ಗಳನ್ನ ಕಾಯೋಕೂ ಮನುಷ್ಯರು ಬೇಡ್ವಂತೆ. ಇದೊಂದೇ ದಾರಿ ಇರೋದು ನಂಗೆ."

ಅವಳಿಗೆ ಅಯ್ಯೋ ಅನ್ನಿಸಿತು. ಕೇಳಿದ್ದರೆ ಅಂಗಡಿಯ ಕಥೆಯನ್ನೆಲ್ಲ ಪಕ್ಕದಲ್ಲಿ ಕೂತು ಬರೆಸುತ್ತಿದ್ದಳು, ತನ್ನ ಗಂಡನೂ ಇದ್ದನೆಂದು ನಾಲ್ಕು ಮಾತು ಹೆಚ್ಚೇ ಸೇರಿಸಿ. ಅಂಥವಳನ್ನು ಅವನು ತನ್ನ ಕೈಕೆಳಗೆ ಇಟ್ಟುಕೊಂಡಿದ್ದ.

"ಮೇಡಂ, ಲೈನಲ್ಲಿದ್ದೀರಾ? ಸುದ್ದಿ ಕೇಳಿ ಆ ಕೆಲಸಗಾರ್ತಿ ಏನಂದ್ರು ಅಂತ..."

"ಅತ್ತಳು," ಎಂದಳು ಅವಳು. "ಶಟರ್ ಅರ್ಧ ಇಳಿಸ್ಕೊಂಡು, ಯಾರೂ ಬಂದು ಒಯ್ಯದ ಫ್ರೇಮುಗಳ ಮಧ್ಯ ಕೂತು ಅತ್ತಳು. ಅವರು ಆಗ ಆಫೀಸಲ್ಲಿದ್ರು. ಅಂಗಡಿ ನಂದು ಮೇಡಂ. ತೆರೆದಿದ್ದೂ ನಾನೇ, ಮುಚ್ಚಿದ್ದೂ ನಾನೇ."

ಆ ಕಡೆ ಕೀಲಿಮಣೆಯ ಟಕಟಕ ಸ್ವಲ್ಪ ಹೊತ್ತು ಕೇಳಿಸಿತು. ಆಕೆ ಥ್ಯಾಂಕ್ಸ್ ಹೇಳಿ ಫೋನಿಟ್ಟಳು.

ಇನ್ನು ಕೂಗಾಡುತ್ತಾನೆ ಎಂದು ಅವಳು ಮೈ ಬಿಗಿಹಿಡಿದು ಕೂತಳು. ಅವನು ಕೂಗಾಡಲಿಲ್ಲ. ಟವೆಲಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದ.

"ಯಾಕೆ ಮುಚ್ಚಿದೆ ಅದನ್ನ?" ಎಂದ.

ಅವಳು ತಲೆಯೆತ್ತಿದಳು. ಅರ್ಜಿಯಲ್ಲಿ ಕಾರಣಗಳನ್ನು ಅಂದವಾಗಿ ಜೋಡಿಸಿ ಬರೆದಿರಬೇಕಾದ ಮನುಷ್ಯ ಈ ಮಾತನ್ನು ಅಂದೂ ಕೇಳಿರಲಿಲ್ಲ, ಆಮೇಲೂ ಕೇಳಿರಲಿಲ್ಲ. ಈಗ ಕೇಳುತ್ತಿರುವುದು ಅವಳಿಗೋಸ್ಕರವೋ, ಇನ್ನೊಂದು ಸ್ಕೂಲಿನ ಅರ್ಜಿಗೋಸ್ಕರವೋ? ಅವನ ಮುಖದಲ್ಲಿ ಹುಡುಕಿದಳು. ತಿಳಿಯಲಿಲ್ಲ.

ಪಕ್ಕದ ಸ್ಟೂಲಿನ ಮೇಲೆ ಗಾಜಿನ ಚೂರುಗಳು ಬಿದ್ದಿದ್ದವು. ಹಳೇ ಪೇಪರಿನ ಮೇಲೆ ಅವನ್ನು ಒಂದೊಂದಾಗಿ ಆರಿಸಿಟ್ಟುಕೊಂಡಳು, ಒದ್ದೆ ಬಟ್ಟೆ ತಂದು ಸ್ಟೂಲನ್ನು ಪೂರ್ತಿ ಒರೆಸಿದಳು. ಕೂತ್ಕೊಳ್ಳಿ ಎನ್ನಲಿಲ್ಲ.