ಸೊಟ್ಟಪ್ಪನ ಗುಂಡಿ

ಹಾರೆ ಮಣ್ಣಿಗೆ ಇಳಿಯದೆ ಪಕ್ಕಕ್ಕೆ ಜಾರಿತು. ಮೇಸ್ತ್ರಿ ಬಗ್ಗಿ ಕೈಯಿಂದ ಮಣ್ಣು ಸರಿಸಿ ನೋಡಿದ. ಎರಡಡಿ ಆಳದಲ್ಲಿ ದೊಡ್ಡ ಮರದ ಬೇರು, ತೋಳಿನಷ್ಟು ದಪ್ಪ, ಗುಂಡಿಗೆ ಅಡ್ಡಲಾಗಿ ಮಲಗಿತ್ತು. ಹಾರೆ ತಾಗಿದ ಕಡೆ ಸಿಪ್ಪೆ ಎದ್ದು ಒಳಗಿನ ಬಿಳಿ ಕಾಣುತ್ತಿತ್ತು.

ಮೇಲೆ ನಿಂತಿದ್ದ ಚರ್ಚಿನ ಕಾರ್ಯದರ್ಶಿ ಗಡಿಯಾರ ನೋಡಿಕೊಂಡರು. "ಇನ್ನರ್ಧ ಗಂಟೇಲಿ ಪೆಟ್ಟಿಗೆ ಬರುತ್ತೆ. ಕೊಡಲಿ ತಗೊಂಡು ಎರಡೇಟು ಹಾಕಪ್ಪ."

"ಆಗಲ್ಲ ಸಾರ್."

"ಯಾಕಾಗಲ್ಲ? ಸತ್ತೋನು ಎದ್ದು ಬಂದು ಕೇಳ್ತಾನಾ?"

"ಅವನು ಕೇಳಲ್ಲ. ಬದುಕಿದ್ದಾಗ್ಲೂ ನನ್ನನ್ನ ಒಂದು ಮಾತು ಕೇಳ್ಲಿಲ್ಲ. ಕಷ್ಟ ಆಗಿರೋದೇ ಅದು."

ಈ ಸ್ಮಶಾನದಲ್ಲಿ ನಲವತ್ತು ವರ್ಷ ಗುಂಡಿ ತೋಡಿದವನಿಗೆ ಇವತ್ತು ಮೇಸ್ತ್ರಿ ಗುಂಡಿ ತೋಡುತ್ತಿದ್ದ. ಕೇಳಿ ಪಡೆದ ಕೆಲಸ. ಸತ್ತವನನ್ನು ಊರೆಲ್ಲ ಸೊಟ್ಟಪ್ಪ ಎನ್ನುತ್ತಿತ್ತು. ಬೇರು ಸಿಕ್ಕರೆ ಕಡಿಯದೆ ಗುಂಡಿಯನ್ನೇ ಓರೆ ಮಾಡುತ್ತಿದ್ದ ಮಹಾನುಭಾವ. ಮರದ ಸುತ್ತ ಒಂದು ಸಮಾಧಿಯೂ ನೆಟ್ಟಗಿಲ್ಲ. "ನಮ್ಮಪ್ಪನ್ನ ಓರೆಯಾಗಿ ಮಲಗಿಸಿದ್ದೀಯಲ್ಲೋ" ಎಂದು ಯಾರಾದರೂ ಜಗಳಕ್ಕೆ ಬಂದರೆ, "ನಿದ್ದೇಲಿ ಯಾರು ನೆಟ್ಟಗೆ ಮಲಗ್ತಾರೆ ಸ್ವಾಮಿ?" ಎನ್ನುತ್ತಿದ್ದ.

*

ಇಪ್ಪತ್ತು ವರ್ಷದ ಹಿಂದೆ, ಕಾಂಪೌಂಡ್ ಗೋಡೆ ನೇರವಾಗಿ ಬರಲೆಂದು ಈ ಮರ ಕಡಿಯಲು ಬಂದವನು ಇದೇ ಮೇಸ್ತ್ರಿ. ಸೊಟ್ಟಪ್ಪ ಬುಡಕ್ಕೆ ಬೆನ್ನು ಕೊಟ್ಟು ಕೂತಿದ್ದ.

"ಏಳೋ."

"ಏಳಲ್ಲ."

ಮೇಸ್ತ್ರಿಗೆ ಆಗ ಮೂಗಿನ ತುದಿಯಲ್ಲೇ ಸಿಟ್ಟು. ಕೊಡಲಿಯ ಕಾವಿನಿಂದ ಅವನ ಬಾಯಿಗೇ ಬೀಸಿದ. ಸೊಟ್ಟಪ್ಪ ರಕ್ತ ಉಗುಳಿ, ಉದುರಿದ ಹಲ್ಲನ್ನು ಜೇಬಿಗೆ ಹಾಕಿಕೊಂಡ. ಅವನ ಗುದ್ದಲಿ ಪಕ್ಕದಲ್ಲೇ ಇತ್ತು. ಮುಟ್ಟಲಿಲ್ಲ.

"ಯೇಸು ತನ್ನನ್ನ ಹೊಡೆದೋರ ಮೇಲೇ ಕೈ ಎತ್ತಲಿಲ್ಲ," ಎಂದ ತೊದಲುತ್ತ. "ಈ ಮರ ಯಾರಿಗೂ ಹೊಡ್ದಿಲ್ಲವಲ್ಲ ಮೇಸ್ತ್ರಿ. ಇದರ ಮೇಲೆ ಹೇಗೆ ಕೈ ಎತ್ತೋಣ? ಬೇಕಾದ್ರೆ ಇನ್ನೊಂದು ಕೆನ್ನೆಗೂ ಹಾಕು. ಆ ಕಡೆ ಹಲ್ಲು ಮಾತ್ರ ಬಿಡು, ಊಟ ಮಾಡ್ಬೇಕು."

ಮೇಸ್ತ್ರಿಗೆ ನಗು ಬಂತು. ಕೊಡಲಿ ಕೆಳಗಿಟ್ಟ. ಗೋಡೆ ಮರವನ್ನು ಬಳಸಿಕೊಂಡು ಹೋಯಿತು.

*

ಅವತ್ತು ಸೊಟ್ಟಪ್ಪ ಗುದ್ದಲಿ ಎತ್ತಿದ್ದರೆ ತಾನು ಕೊಡಲಿಯನ್ನು ತಿರುಗಿಸಿ ಅಲಗಿನಿಂದಲೇ ಹೊಡೆಯುತ್ತಿದ್ದೆ ಎಂಬುದು ಮೇಸ್ತ್ರಿಗೆ ಚೆನ್ನಾಗಿ ಗೊತ್ತು. ಆಮೇಲೆ ಹೆಂಡತಿಯೂ ಇಲ್ಲ, ಮಕ್ಕಳೂ ಇಲ್ಲ, ಜೈಲೇ ಗತಿ. ಮರ ಉಳಿಸಿದವನು ಎಂದು ಊರು ಅವನನ್ನು ಹೊಗಳುತ್ತದೆ. 'ನನ್ನನ್ನೂ ನೀನೇ ಉಳಿಸಿದ್ದು ಮಾರಾಯ' ಎಂದು ಮೇಸ್ತ್ರಿ ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ. ಈಗ ಹೇಳೋಣವೆಂದರೆ ಕೇಳುವವನಿಲ್ಲ.

ಹಾರೆ ಬಿಟ್ಟು ಗಾರೆ ಮೆತ್ತುವ ಕರಣೆ ಹಿಡಿದ. ಬೇರಿನಡಿ ಚೂರುಚೂರೇ ಕೆರೆಯುತ್ತ ಗುಂಡಿಯನ್ನು ಬಲಕ್ಕೆ ತಿರುಗಿಸಿದ. ಪೆಟ್ಟಿಗೆ ಬಂತು, ಜನ ಬಂದರು, ಪಾದ್ರಿ ಕಾದು ನಿಂತರು. ಕಾರ್ಯದರ್ಶಿ ಹಲ್ಲು ಕಡಿದರು.

"ತಪ್ಪು ತಿಳ್ಕೋಬೇಡ ಅಕ್ಕ, ಇನ್ನೊಂಚೂರು," ಎಂದ ಸೊಟ್ಟಪ್ಪನ ಹೆಂಡತಿಗೆ.

ಅವಳು ಇಣುಕಿ ಬೇರು ಕಂಡಳು. ಅತ್ತು ಊದಿದ ಕಣ್ಣಲ್ಲೇ ನಗು ಬಂತು. "ನಿಧಾನಕ್ಕೆ ಮಾಡಪ್ಪ. ಇವತ್ತು ಅವ್ರಿಗೆ ಬೇರೆ ಕೆಲಸ ಇಲ್ಲ."

ಪೆಟ್ಟಿಗೆ ಓರೆಯಾಗಿ, ಬೇರಿನಡಿ ನುಸುಳಿ ಮಲಗಿತು. ಪ್ರಾರ್ಥನೆ ಮುಗಿಯಿತು.

"ಮೊದಲ ಹಿಡಿ ನೀನೇ ಹಾಕು," ಎಂದಳು ಅವಳು.

ಮೇಸ್ತ್ರಿ ಮೆತ್ತನೆಯ ಮಣ್ಣು ಆರಿಸಿ ಮುಷ್ಟಿ ತುಂಬಿಕೊಂಡ. ಮಂಡಿಯೂರಿ, ಗುಂಡಿಯೊಳಕ್ಕೆ ತೋಳು ಇಳಿಬಿಟ್ಟ. ಮೊದಲು ತನ್ನ ಹಾರೆಗೆ ಸಿಪ್ಪೆ ಎದ್ದಿದ್ದ ಜಾಗಕ್ಕೆ ಆ ಮಣ್ಣು ಮೆತ್ತಿ, ಅಂಗೈಯಿಂದ ಒತ್ತಿ ಹಿಡಿದ.